ಮೂರನೇ ಬೋಲ್ಟು

ಆ ಬಾಗಿಲು ಸ್ವಲ್ಪ ಮುಂದೆ ಮಾಡಿ... ಸಾಕು, ಚಿಲಕ ಬೇಡ. ಚಿಲಕಕ್ಕೆ ಹೆದರುವಂಥದ್ದಲ್ಲ ಇದು.

ನನಗೆ ಆದದ್ದಲ್ಲ, ಮೊದಲೇ ಹೇಳಿಬಿಡುತ್ತೀನಿ. ಸುಳ್ಳು ಹೇಳುವ ಚಪಲ ಇದ್ದಿದ್ದರೆ ನನಗೇ ಆಯಿತು ಅಂತ ಹೇಳಿ ದೊಡ್ಡ ಮನುಷ್ಯನಾಗುತ್ತಿದ್ದೆ. ಇದು ಆದದ್ದು ನಮ್ಮ ಪಕ್ಕದ ಮನೆಯ ಭೀಮನಿಗೆ. ಹಳ್ಳಿಮೈಸೂರು ಬಸ್ ಸ್ಟ್ಯಾಂಡಿನ ಹಿಂದೆ ಬೈಕ್ ಗ್ಯಾರೇಜ್ ಇಟ್ಟಿದ್ದಾನಲ್ಲ, ಅವನೇ. ಹೋದ ವರ್ಷ, ಕಾರ್ತೀಕದಲ್ಲಿ.

ಅವತ್ತು ಭೀಮ ಶಟರ್ ಎಳೆದಾಗ ಒಂಬತ್ತೂವರೆ. ನಮ್ಮ ಹೊಂಗೆಕೊಪ್ಪಲಿಗೆ ಅಲ್ಲಿಂದ ಮೂರು ಕಿಲೋಮೀಟರ್. ನಡೆದೇ ಹೊರಟ. ಗ್ಯಾರೇಜಿನಲ್ಲಿ ಹತ್ತು ಬೈಕ್ ನಿಲ್ಲಿಸಿಕೊಂಡವನು ನಡೆದು ಯಾಕೆ ಬರುತ್ತಾನೆ ಅಂತೀರಾ? ಅವನ ದೊಡ್ಡವ್ವ ಮಾರಮ್ಮ ಸತ್ತು ಏಳು ವಾರವಾಗಿತ್ತು. ಅವತ್ತಿನಿಂದ ಅವನು ಬೈಕ್ ರಿಪೇರಿ ಮಾಡುತ್ತಿದ್ದ, ಹತ್ತುತ್ತಿರಲಿಲ್ಲ. ಟೆಸ್ಟ್ ರೈಡ್ ಕೂಡ ಗಿರಾಕಿಯೇ ಮಾಡಿಕೊಳ್ಳಬೇಕಿತ್ತು.

ನಾಲೆ ಏರಿ ದಾಟಿದ ಮೇಲೆ ಎಡಕ್ಕೆ ಆಲದ ಮರ, ಅದರ ಬುಡದಲ್ಲಿ ಕಲ್ಲುಬಾವಿ. ಊರಿಗೆ ನಲ್ಲಿ ಬಂದ ಮೇಲೆ ಅಲ್ಲಿ ಯಾರೂ ನೀರು ಸೇದುವುದಿಲ್ಲ. ಅವತ್ತು ಗಾಳಿ ಇರಲಿಲ್ಲ. ಬಾವಿ ಇನ್ನೂ ಇಪ್ಪತ್ತು ಹೆಜ್ಜೆ ಇದೆ ಅನ್ನುವಾಗ ಕೇಳಿಸಿತು.

ಟಿಕ್... ಟಿಕ್... ಟಿಕ್...

ಬೈಕ್ ಇಟ್ಟವರಿಗೆಲ್ಲ ಗೊತ್ತಿರುವ ಸದ್ದು. ದೂರ ಓಡಿಸಿ ಬಂದು ಆಫ್ ಮಾಡಿದರೆ ಸೈಲೆನ್ಸರ್ ಆರುತ್ತಾ ಆರುತ್ತಾ ಮಾಡುತ್ತದಲ್ಲ, ಅದು. ಭೀಮ ಮೊಬೈಲ್ ಟಾರ್ಚ್ ಬಿಟ್ಟ. ಮರ ಇತ್ತು, ಬಾವಿಕಟ್ಟೆ ಇತ್ತು. ಬೈಕ್ ಇರಲಿಲ್ಲ. ಟಾರ್ಚ್ ಆರಿಸಿದ. ಟಿಕ್... ಟಿಕ್...

ಆಮೇಲೆ ಇನ್ನೊಂದು ಸದ್ದು. ತಿರುಗುವ ಚಕ್ರದ ಕಡ್ಡಿಗೆ ಬಟ್ಟೆಯ ತುದಿ ಬಡಿಯುವ ಸದ್ದು. ಪಟ... ಪಟ... ಪಟಪಟಪಟಪಟ... ಚರ್ರ್! ಅಲ್ಲಿಗೆ ನಿಂತುಹೋಯಿತು.

ಭೀಮನಿಗೆ ಹೆದರಿಕೆ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆಯಿತು. ಆದರೆ ಹೆದರಿಕೆಗಿಂತ ಮುಂಚೆ ಸಿಟ್ಟು ಬಂತು. ಹೊಟ್ಟೆಯಿಂದ ಎದ್ದು ಕಿವಿಯವರೆಗೂ ಬಿಸಿಯಾಗುವ ಸಿಟ್ಟು. ಯಾಕೆಂದರೆ ಮಾರಮ್ಮ ಸತ್ತು ಬಿದ್ದಿದ್ದು ಅದೇ ಬಾವಿಕಟ್ಟೆಯ ಕೆಳಗೆ.

ಈ ಮಾರಮ್ಮನ ವಿಷಯ ಹೇಳಬೇಕು. ಭೀಮನಿಗೆ ಮೂರು ವರ್ಷವಿದ್ದಾಗ ತಾಯಿ ಹೋದಳು. ಸಾಕಿದವಳು ಈ ದೊಡ್ಡವ್ವ. ಹಳ್ಳಿಮೈಸೂರಿನ ಫ್ಲೋರ್ ಮಿಲ್ಲಿನಲ್ಲಿ ಕೆಲಸ, ಯಾವಾಗ ನೋಡಿದರೂ ರೆಪ್ಪೆಯ ಮೇಲೆ ರಾಗಿಹಿಟ್ಟು. ಬಾಯಿ ಅಂದರೆ ಬಾಯಿ. ಇಲ್ಲಿ ಬೈದರೆ ನಾಲೆ ಆಚೆ ಕಡೆ ಕೆಲಸ ಮಾಡುತ್ತಿದ್ದವರು ತಿರುಗಿ ನೋಡಬೇಕು. ರಾತ್ರಿ ಮಿಲ್ ಮುಚ್ಚಿದ ಮೇಲೆ ರಸ್ತೆಯಲ್ಲಿ ಯಾರ ಬೈಕ್ ಬಂದರೂ ಅಡ್ಡ ನಿಂತು, "ನಿಲ್ಸ್ಲಾ, ನಾನೂ ಬತ್ತೀನಿ" ಅಂತ ಹತ್ತಿ ಕೂರುತ್ತಿದ್ದಳು. ಇಳಿಯುವ ಜಾಗ ಬಂದಾಗ ಕೂಗುತ್ತಿರಲಿಲ್ಲ. ಬೆರಳ ಗೆಣ್ಣಿನಲ್ಲಿ ಹೆಗಲಿಗೆ ಎರಡು ಸಲ ಬಡಿಯುತ್ತಿದ್ದಳು. ಟಕ್, ಟಕ್. ನಿಲ್ಲಿಸದಿದ್ದರೆ ಮೂರನೆಯದು ತಲೆಗೆ. ನನಗೂ ಬಿದ್ದಿದೆ.

ಅಂಥವಳು ಒಂದು ಬೆಳಿಗ್ಗೆ ಬಾವಿಕಟ್ಟೆಯ ಕೆಳಗೆ ಕತ್ತು ಮುರಿದು ಬಿದ್ದಿದ್ದಳು. ನೋಡಿದವರಲ್ಲಿ ಮೊದಲು ಬಾಯಿ ತೆಗೆದವರು ದೊಡ್ಡಮನೆ ಕೃಷ್ಣಪ್ಪನವರು. "ಮುದ್ಕಿ ಏನೋ ಆಕ್ಕಂಡಿರ್ಬೇಕು. ಕಣ್ ಕಾಣ್ದೆ ಎಡವವಳೆ" ಅಂದರು. ಅಷ್ಟೇ ಸಾಕಾಯಿತು. ಹನ್ನೊಂದನೇ ದಿನದ ಹೊತ್ತಿಗೆ ಮಾರಮ್ಮ ಕುಡಿದು ಸತ್ತಳು ಅನ್ನುವುದು ಊರಿಗೆಲ್ಲ ಗೊತ್ತಿರುವ ಸತ್ಯವಾಗಿ ಹೋಗಿತ್ತು. ಎಲೆ ಅಡಿಕೆ ಬಿಟ್ಟರೆ ಇನ್ನೇನೂ ಬಾಯಿಗೆ ಹಾಕದ ಹೆಂಗಸು! ಇದೇ ಭೀಮನನ್ನು ಸುಟ್ಟದ್ದು. ಸಾವು ಯಾರಿಗೂ ತಪ್ಪಿದ್ದಲ್ಲ. ಆದರೆ ಕುಡಿದು ಸತ್ತಳು ಅನ್ನುವ ಮಾತನ್ನು ಅವಳ ಮಣ್ಣಿನ ಮೇಲೆ ಬಿಟ್ಟು ಬದುಕುವುದು ಹೇಗೆ ಅಂತ ಅವನಿಗೆ ತಿಳಿಯಲಿಲ್ಲ. ಸತ್ಯ ಏನು ಅಂತ ಊರ ಮುಂದೆ ಒಬ್ಬರು ಬಾಯಿಬಿಡಬೇಕು. ಅವನಿಗೆ ಬೇಕಾಗಿದ್ದದ್ದು ಅದೊಂದೇ.

ಹೆಣ ತೊಳೆದವಳು ಕೇರಿಯ ಲಕ್ಕಮ್ಮ. ಅವತ್ತೇ ಭೀಮನನ್ನು ಗೋಡೆ ಮರೆಗೆ ಕರೆದು ಪಿಸುಗುಟ್ಟಿದ್ದಳು.

"ಸೆರಗು ಒಂದು ಗೇಣು ಇಲ್ಲ ಕಣಪ್ಪ. ಅಸ್ರು ಸೀರೆ. ಅರ್ದೋಗದೆ."

"ಕಲ್ಲಿಗೆ ಸಿಕ್ಕಂಡಿರ್ಬೇಕು."

"ಕಲ್ಲಿಗೆ ಸಿಕ್ಕಂಡ್ರೆ ಕರೀ ಎಣ್ಣೆ ಮೆತ್ಕತದಾ?"

ಭೀಮ ಸೆರಗಿನ ತುದಿಯನ್ನು ಮೂಗಿಗೆ ಹಿಡಿದ. ಬೈಕಿನ ಚೈನಿಗೆ ಹಾಕುವ ಎಣ್ಣೆ. ದಿನಾ ಅದರಲ್ಲೇ ಕೈ ಅದ್ದುವವನಿಗೆ ತಿಳಿಯುವುದಿಲ್ಲವೇ. ಈ ರಸ್ತೆಯಲ್ಲಿ ಓಡಾಡುವ ಬೈಕುಗಳಲ್ಲಿ ಸೀರೆ ಗಾರ್ಡ್ ಇಲ್ಲದ್ದು ಒಂದೇ ಒಂದು. ಹಿಂದೆ ಕೂತವರ ಸೆರಗು ಚಕ್ರಕ್ಕೆ ಸಿಕ್ಕದಿರಲಿ ಅಂತ ಎಡಗಡೆ ಒಂದು ಕಂಬಿಯ ತಡೆ ಇರುತ್ತದಲ್ಲ, ಅದು. ಅದನ್ನು ಬಿಚ್ಚಿದ್ದು ಭೀಮನೇ.

ಬೈಕ್ ಅಭಿಷೇಕನದು. ಕೃಷ್ಣಪ್ಪನವರ ಮಗ, ಭೀಮನ ಜೊತೆ ಹೈಸ್ಕೂಲು ಓದಿದವನು. ಇನ್ನೂರು ಸಿಸಿಯ ಎತ್ತರದ ಗಾಡಿ. ಕಾಡು, ಗುಡ್ಡ, ಹೊಳೆದಂಡೆ ಎಲ್ಲೆಂದರಲ್ಲಿ ನುಗ್ಗುವಂಥದ್ದು. ಭಾನುವಾರ ಬಂತೆಂದರೆ ಹಾಸನದ ಗೆಳೆಯರ ಜೊತೆ ರುದ್ರಪಟ್ಟಣದ ಹೊಳೆಯ ಮರಳಲ್ಲೋ ಅರಕಲಗೂಡಿನ ಗುಡ್ಡದಲ್ಲೋ ಎದ್ದೂ ಬಿದ್ದೂ ಬರುತ್ತಿದ್ದ. ಆ ಗಾಡಿಯನ್ನು ತಿದ್ದಿ ತೀಡಿದ್ದೆಲ್ಲ ಭೀಮನೇ. ಗಂಟುಗಂಟಿನ ಟೈರು ಹಾಕಿದ. ಚೈನು ಕೂರುವ ಹಿಂದಿನ ಹಲ್ಲುಚಕ್ರ ಎರಡು ಹಲ್ಲು ದೊಡ್ಡದು ಮಾಡಿದ. ಹ್ಯಾಂಡಲ್ ಎತ್ತರಿಸಿದ. ಇಂಜಿನ್ ಹೊಟ್ಟೆಗೆ ಕಲ್ಲು ಬಡಿಯದಿರಲಿ ಅಂತ ಟ್ರ್ಯಾಕ್ಟರ್ ನೇಗಿಲಿನ ಹಳೇ ತಟ್ಟೆ ಕೊಯ್ದು ತಗಡು ಕೂರಿಸಿದ. ಅವನಿಗೂ ಅದರ ಮೇಲೆ ಪ್ರಾಣ. ರಾತ್ರಿ ಬೀಗ ಹಾಕುವ ಮುಂಚೆ ಒಂದು ಸಲ ಸವರಿ ಹೋಗುತ್ತಿದ್ದ.

ಕೊನೆಗೆ ತೂಕ ಇಳಿಸುವ ಹುಚ್ಚು ಹಿಡಿಯಿತು. ಹಿಂದಿನವರು ಕಾಲಿಡುವ ಪೆಡಲ್ ಬಿಚ್ಚು. ಹಿಡಿದುಕೊಳ್ಳುವ ಕಂಬಿ ಬಿಚ್ಚು. "ಸೀರೆ ಗಾರ್ಡೂ ತಗೀಲಾ, ಮೂರು ಕೇಜಿ ಉಳೀತದೆ" ಅಂದ ಅಭಿಷೇಕ. ಭೀಮ ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. "ತಗೀತೀನಿ ಬುಡು. ನಿನ್ ಇಂದೆ ಯಾವ ಸೀರೆ ಬಂದು ಕುಂತ್ಕತದೆ?" ಅಂತ ನಕ್ಕ. ಮೂರು ಬೋಲ್ಟು. ಹತ್ತನೇ ನಂಬರ್ ಸ್ಪ್ಯಾನರ್. ಬಿಚ್ಚುವಾಗ ಮೂರನೆಯದು ಕೈಜಾರಿ ಉರುಳಿ ಗ್ಯಾರೇಜಿನ ಮುಂದಿನ ಚರಂಡಿಗೆ ಬಿತ್ತು. ಹೋಗಲಿ ಅಂದ. ಉಳಿದ ಎರಡನ್ನು ಪೇಪರಿನಲ್ಲಿ ಸುತ್ತಿ ಗಾರ್ಡಿಗೆ ಕಟ್ಟಿ, ಅಭಿ ಅಂತ ಚೀಟಿ ಅಂಟಿಸಿ ಮೊಳೆಗೆ ನೇತುಹಾಕಿದ. ಬಿಚ್ಚಿದ ಸಾಮಾನನ್ನು ಹೆಸರು ಬರೆದು ಇಡುವುದು ಅವನ ಪದ್ಧತಿ.

ಹೆಣ ಮಣ್ಣು ಮಾಡಿದ ಮಾರನೇ ದಿನ ಭೀಮ ದೊಡ್ಡಮನೆಗೆ ಹೋದ. ಅಭಿಷೇಕ ಇರಲಿಲ್ಲ. ಅರಕಲಗೂಡಿನ ಅಕ್ಕನ ಮನೆಗೆ ಹೋಗಿದ್ದಾನೆ, ಬೈಕೂ ತಗೊಂಡು ಹೋಗಿದ್ದಾನೆ ಅಂದರು. "ಅವತ್ತು ರಾತ್ರಿ ನಮ್ ದೊಡ್ಡವ್ವ ನಿಮ್ ಹುಡುಗನ ಗಾಡೀಲಿ ಬಂದ್ಲಾ ಸಾ?" ಅಂತ ಕೇಳಿದ. ಕೃಷ್ಣಪ್ಪ ಕಾಫಿ ಲೋಟ ಕೆಳಗಿಟ್ಟರು. "ಸಾಕ್ಷಿ ಇದ್ರೆ ತಗಂಡ್ ಬಾ. ಇಲ್ದಿದ್ರೆ ಬಾಯ್ ಮುಚ್ಕಂಡ್ ಓಗು." ಸಾಕ್ಷಿ ಇದ್ದದ್ದು ಒಂದು ಸೀರೆ. ಅದು ಅವಳ ಜೊತೆಗೇ ಮಣ್ಣಾಗಿತ್ತು. ಭೀಮ ಬಾಯಿ ಮುಚ್ಚಿಕೊಂಡು ಬಂದ, ಆದರೆ ಹಲ್ಲು ಕಚ್ಚಿದ್ದು ಬಿಡಲಿಲ್ಲ.

ಈಗ ಬನ್ನಿ, ಬಾವಿಯ ಹತ್ತಿರ ಆ ಸದ್ದು ಕೇಳಿದ ರಾತ್ರಿಗೆ. ಅದರ ಮಾರನೇ ದಿನ ಮಧ್ಯಾಹ್ನ ಗ್ಯಾರೇಜಿನ ಮುಂದೆ ಒಂದು ಬೈಕ್ ಬಂದು ನಿಂತಿತು. ಭೀಮ ತಲೆ ಎತ್ತಲಿಲ್ಲ. ಸದ್ದಿನಲ್ಲೇ ಗೊತ್ತಾಯಿತು.

ಅಭಿಷೇಕ ಅರ್ಧ ಇಳಿದುಹೋಗಿದ್ದ. ಕಣ್ಣು ಒಳಕ್ಕೆ ಹೋಗಿದ್ದವು. ಊರಿಗೆ ವಾಪಸ್ ಬಂದು ಹತ್ತು ದಿನವಾಗಿತ್ತಂತೆ.

"ಇಂದಿನ ಸ್ಪ್ರಿಂಗು ನೋಡ್ಲಾ ಭೀಮ. ಕುಸೀತದೆ."

"ಯಾವಾಗ?"

"ರಾತ್ರಿ."

"ರಾತ್ರಿ ಮಾತ್ರ ಕುಸಿಯೋ ಸ್ಪ್ರಿಂಗ್ ಎಲ್ಲದಲಾ?"

ಅಭಿಷೇಕ ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದ. ಬಾವಿ ಹತ್ತಿರ ಬರುತ್ತಿದ್ದ ಹಾಗೆ ಹಿಂದೆ ಯಾರೋ ಕೂತ ಹಾಗೆ ಕಿರ್ರ್ ಅಂತ ಇಳಿಯುತ್ತದೆ. ಮುಂದಿನ ಲೈಟು ರಸ್ತೆ ಬಿಟ್ಟು ಮೇಲಕ್ಕೆ, ಆಲದ ಮರಕ್ಕೆ ಹೊಡೆಯುತ್ತದೆ. ಊರೊಳಗೆ ಬರುವ ತನಕ ಹಾಗೇ ಇರುತ್ತದೆ. ಆಮೇಲೆ ಒಂದು ಕಡೆ ತಾನೇ ಮೇಲೇಳುತ್ತದೆ.

"ಯಾವ ಕಡೆ?"

"ನಿಮ್ಮನೆ ಬಾಗ್ಲು ತಾವ."

ಭೀಮನ ಕೈಯಲ್ಲಿದ್ದ ಸ್ಪ್ಯಾನರ್ ನಿಂತಿತು. ಹತ್ತು ದಿನದಿಂದ ರಾತ್ರಿ ಒಂದು ಬೈಕ್ ಅವನ ಮನೆ ಮುಂದೆ ನಿಧಾನವಾಗಿ, ಆಮೇಲೆ ಜೀವ ಬಿಟ್ಟುಕೊಂಡು ಓಡಿಹೋಗುತ್ತಿತ್ತು. ನಾನೂ ಕೇಳಿದ್ದೆ. ಅಣಕಿಸುತ್ತಿದ್ದಾನೆ ಅಂತ ಭೀಮ ಒಳಗೊಳಗೇ ಉರಿದಿದ್ದ.

"ಅರಕಲಗೂಡಲ್ಲಿ ತೋರಿಸ್ದೆ, ಚನ್ನರಾಯಪಟ್ಟಣದಲ್ಲಿ ತೋರಿಸ್ದೆ, ಹಾಸನದಲ್ಲೂ ತೋರಿಸ್ದೆ. ಎಲ್ಲಾ ಸರಿಯಾಗದೆ ಅಂತಾರೆ" ಅಂದ ಅಭಿಷೇಕ. ಅಂದವನು ಯಾಕೋ ತನ್ನ ಎಡ ಹೆಗಲನ್ನು ಮುಟ್ಟಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಇಲ್ಲಿ ಕಳ್ಳ ಅಂತ ಯಾರೂ ಅಂದಿರಲೇ ಇಲ್ಲ.

ಭೀಮ ಎದ್ದು ನಿಂತ. ಅಲ್ಲೇ ಅವನ ಕಪಾಳಕ್ಕೆ ಬಿಡಬೇಕು ಅನ್ನಿಸಿತಂತೆ. ಬಿಡಲಿಲ್ಲ.

"ಇವತ್ತು ಎಂಟೂವರೆಗೆ ಬಾವಿ ತಾವ ತತ್ತಾ ಗಾಡೀನ. ಕಣ್ಣಾರೆ ನೋಡ್ದೆ ಸ್ಪ್ರಿಂಗ್ ತಿರುಗ್ಸಕ್ಕಾಗಕಿಲ್ಲ."

ಅವನು ಹೋದ ಮೇಲೆ ಮೊಳೆಯಿಂದ ಗಾರ್ಡ್ ತೆಗೆದು ಚೀಲಕ್ಕೆ ಹಾಕಿಕೊಂಡ. ತಗೊಂಡು ಹೋಗಿ ಅವನ ಮುಖಕ್ಕೆ ಎಸೆಯುವುದು, ಇದೇ ಸಾಕ್ಷಿ ಅನ್ನುವುದು. ಅವನ ತಲೆಯಲ್ಲಿ ಇದ್ದದ್ದು ಅಷ್ಟೇ. ಹತ್ತನೇ ನಂಬರ್ ಸ್ಪ್ಯಾನರ್ ಜೇಬಿನಲ್ಲಿ ಯಾವಾಗಲೂ ಇರುತ್ತದೆ.

ಎಂಟೂವರೆಗೆ ಭೀಮ ಬಾವಿಕಟ್ಟೆಯ ಪಕ್ಕ ನಿಂತಿದ್ದ. ಜೀರುಂಡೆ ಕೂಡ ಕೂಗುತ್ತಿರಲಿಲ್ಲ. ದೂರದಿಂದ ಮೊದಲು ಟೈರಿನ ಸದ್ದು ಬಂತು, ಗಂಟು ಟೈರು ಟಾರಿನ ಮೇಲೆ ಗುಂಯ್ ಅನ್ನುವ ಸದ್ದು. ಆಮೇಲೆ ಇಂಜಿನ್. ಬೆಳಕು ನಾಲೆ ಏರಿ ಹತ್ತಿ ಇಳಿಯಿತು. ರಸ್ತೆಯ ಮೇಲೆ ಸರಿಯಾಗಿ ಬೀಳುತ್ತಿತ್ತು. ಮರದ ಹತ್ತಿರ ಬಂತು...

ಕಿರ್ರ್...

ಬೈಕಿನ ಹಿಂಭಾಗ ಕೂತಿತು. ಬೆಳಕು ರಸ್ತೆ ಬಿಟ್ಟಿತು. ಆಲದ ಬಿಳಲು ಹತ್ತಿತು, ಕೊಂಬೆ ಹತ್ತಿತು, ಬಾವಲಿಗಳು ಫಡಫಡ ಎದ್ದವು. ಇಂಜಿನ್ ಎರಡು ಸಲ ಕೆಮ್ಮಿ ಆರಿತು. ಲೈಟ್ ಮಾತ್ರ ಮರದ ಮೇಲೆ ಹಾಗೇ ಉರಿಯುತ್ತಿತ್ತು.

ಭೀಮ ಹತ್ತಿರ ಹೋದ. ಹಿಂದಿನ ಟೈರಿಗೂ ಮಡ್‌ಗಾರ್ಡಿಗೂ ಮಧ್ಯೆ ಬೆರಳಿಟ್ಟು ನೋಡಿದ. ಒಂಟಿ ಸವಾರನಿದ್ದರೆ ಐದು ಬೆರಳು ಇರಬೇಕು. ಎರಡು ಇತ್ತು. ಅರುವತ್ತು, ಅರುವತ್ತೈದು ಕೇಜಿ ಅಂತ ಅವನ ಮನಸ್ಸು ತಾನೇ ಲೆಕ್ಕ ಹಾಕಿತು. ಹಿಂದಿನ ಸೀಟಿನ ಮೇಲೆ ಯಾರೂ ಇರಲಿಲ್ಲ. ಸೀಟಿನ ಸ್ಪಂಜು ಮಾತ್ರ ಅಮುಕಿಕೊಂಡಿತ್ತು, ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತರೆ ಅಮುಕುತ್ತದಲ್ಲ ಹಾಗೆ.

"ಇಳಿ" ಅಂದ ಭೀಮ.

"ಇಳಿಯಕ್ಕಾಯ್ತಿಲ್ಲ..." ಹೆಲ್ಮೆಟ್ಟಿನ ಒಳಗಿಂದ ಪಿಸುಮಾತು. "ಜಾಕೀಟು ಇಡ್ಕಂಡದೆ."

ಟಾರ್ಚ್ ಬಿಟ್ಟು ನೋಡಿದ. ಜಾಕೀಟಿನ ಹಿಂದಿನ ಅಂಚು ಬಿಗಿಯಾಗಿ ಎಳೆದುಕೊಂಡಿತ್ತು. ಕೆಳಕ್ಕೆ, ಎಡಕ್ಕೆ, ಚೈನಿನ ಕಡೆಗೆ. ಹಿಡಿದವರು ಯಾರೂ ಇಲ್ಲ.

ಆಗ ಹೆಲ್ಮೆಟ್ಟಿನ ಮೇಲೆ ಕೇಳಿಸಿತು. ಟಕ್... ಟಕ್.

ಭೀಮನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಹೆದರಿಕೆಗಲ್ಲ. ಆ ಗೆಣ್ಣಿನ ಪೆಟ್ಟು ತಿಂದೇ ಬೆಳೆದವನು ಅವನು.

"ಯಾರು ಅಂತ ಗೊತ್ತಾ?"

"ಗೊತ್ತು."

"ಯೋಳು."

ಹೆಲ್ಮೆಟ್ಟಿನ ಮೇಲೆ ಮತ್ತೆ ಟಕ್, ಟಕ್.

"ಮಾರಮ್ಮ" ಅಂದ ಅಭಿಷೇಕ. ಅಂದವನಿಗೆ ಅಳು ಒತ್ತರಿಸಿ ಬಂತು. "ಅವತ್ತು ಮಿಲ್ ತಾವ ಅಡ್ಡ ನಿಂತ್ಲು ಕಣ್ಲಾ. ಅತ್ತಿಸ್ಕಂಡೆ. ಕಾಲಿಡಕೆ ಜಾಗ ಇಲ್ಲ, ಇಡ್ಕಳಕೆ ಕಂಬಿ ಇಲ್ಲ, ಇದೂ ಒಂದು ಗಾಡಿಯಾ ಅಂತ ದಾರಿ ಉದ್ದಕ್ಕೂ ಬೈತಿದ್ಲು. ಇಲ್ಲಿಗೆ ಬಂದಾಗ ಎಲ್ಮೆಟ್ಟಿಗೆ ಬಡಿದ್ಲು. ಟಕ್ ಟಕ್ ಅಂತ. ಬೈಯಕೆ ಬಡೀತಾವಳೆ ಅಂದ್ಕಂಡೆ... ಸಿಟ್ ಬಂತು... ಎಕ್ಸಲೇಟ್ರು ತಿರುಗಿಸ್ಬುಟ್ಟೆ."

"ಸೆರಗು ಸಿಕ್ಕಂಡಿತ್ತು."

"ನಂಗೊತ್ತಿರ್ಲಿಲ್ಲ ಕಣ್ಲಾ! ಪಟಪಟ ಅಂತು. ಇಂದಕ್ಕೆ ಬಿದ್ಲು."

"ಆಮೇಲೆ?"

"ಅಪ್ಪಂಗೆ ಫೋನ್ ಮಾಡ್ದೆ. ಅಪ್ಪ ಬಂದ್ರು. ಇಬ್ರೂ ಸೇರಿ... ಕಟ್ಟೆ ತಾವ ಮಲಗಿಸ್ದೋ."

ಭೀಮ ಕೇಳಬಾರದ್ದನ್ನು ಕೇಳಿದ. "ಉಸ್ರಿತ್ತಾ?"

ಅಭಿಷೇಕನ ಹೆಲ್ಮೆಟ್ಟು ಕೆಳಕ್ಕೆ ಬಾಗಿತು.

"ಉಸ್ರಿತ್ತೇನ್ಲಾ?"

"...ಇತ್ತು. ಆಸ್ಪತ್ರೆ ಬ್ಯಾಡ, ಕೇಸಾಯ್ತದೆ ಅಂದ್ರು ಅಪ್ಪ."

ಇಲ್ಲಿ ನೋಡಿ, ನಾನು ಭೀಮನ ಜಾಗದಲ್ಲಿದ್ದಿದ್ದರೆ ಏನು ಮಾಡುತ್ತಿದ್ದೆನೋ ನನಗೆ ಗೊತ್ತಿಲ್ಲ. ಭೀಮ ತಿರುಗಿ ಊರ ಕಡೆ ನಡೆದ. ಬಿಟ್ಟು ಹೋಗುತ್ತೀನಿ, ಇವನ ಹಣೆಬರಹ ಇವನಿಗೆ, ಅವಳ ಸಿಟ್ಟು ಅವಳಿಗೆ. ಉಪ್ಪು ತಿಂದವನು ನೀರು ಕುಡಿಯಲಿ. ಹತ್ತು ಹೆಜ್ಜೆ ಹೋದ. ಹಿಂದೆ ಶುರುವಾಯಿತು. ಪಟ... ಪಟ... ಪಟಪಟ... ಚಕ್ರ ನಿಂತೇ ಇತ್ತು, ಸದ್ದು ಮಾತ್ರ ಬರುತ್ತಿತ್ತು. ಜಾಕೀಟು ಇಂಚಿಂಚಾಗಿ ಚೈನಿನ ಕಡೆ ಇಳಿಯುತ್ತಿತ್ತು, ಕಾಲರ್ ಕತ್ತಿಗೆ ಬಿಗಿಯುತ್ತಿತ್ತು. ಅಭಿಷೇಕನ ಗಂಟಲಿನಿಂದ ಗೊರಗೊರ ಅಂತ ಒಂದು ಸದ್ದು, ಮಾತಲ್ಲ.

ಕೈಯಲ್ಲಿದ್ದ ಚೀಲ ಭೀಮನ ಮಂಡಿಗೆ ತಾಗಿತು. ಖಣ್ ಅಂತು ಗಾರ್ಡು.

ಬಿಚ್ಚಿದ ಕೈ ಯಾರದು?

ಅವನ ಸಿಟ್ಟೆಲ್ಲ ಒಂದೇ ಏಟಿಗೆ ತನ್ನ ಕಡೆಗೇ ತಿರುಗಿತು. ಏಳು ವಾರದಿಂದ ಬೈಕ್ ಹತ್ತದೆ ನಡೆದದ್ದು ಇದಕ್ಕೇ ಅಂತ ಆಗ ಅವನಿಗೇ ಗೊತ್ತಾಯಿತು. ಓಡಿ ಬಂದ.

"ನಾಳೆ ಡೈರಿ ತಾವ ಎಲ್ರ ಮುಂದೆ ಯೋಳ್ತೀಯಾ?"

ಹೆಲ್ಮೆಟ್ಟು ಹೌದು ಅಂತ ಅಲ್ಲಾಡಿತು.

ಭೀಮ ಎಡಗಡೆಗೆ ಮಂಡಿಯೂರಿದ. "ದೊಡ್ಡವ್ವಾ" ಅಂದ, ಮೆಲ್ಲಗೆ. "ಬಿಚ್ಚಿದ್ದು ನಾನೇ ಕಣವ್ವ. ನಗಾಡ್ಕಂಡು ಬಿಚ್ಬುಟ್ಟೆ. ಈಗ ಆಕ್ತೀನಿ, ಬುಡು."

ಟಾರ್ಚ್ ಹಿಡಿಯುವವರಿಲ್ಲ. ಕತ್ತಲಲ್ಲಿ ಕೈಯಳತೆಯಲ್ಲೇ ಗಾರ್ಡ್ ಕೂರಿಸಿದ. ಪೇಪರ್ ಹರಿದು ಮೊದಲನೇ ಬೋಲ್ಟು. ಕಿರಿಕ್, ಕಿರಿಕ್, ಕಿರಿಕ್. ಎರಡನೆಯದು. ಪಟಪಟ ಸದ್ದು ನಿಧಾನವಾಯಿತು, ಆದರೆ ನಿಲ್ಲಲಿಲ್ಲ. ಕೆಲಸದ ಗುಂಗಿನಲ್ಲಿ ಗ್ಯಾರೇಜಿನಲ್ಲಿ ಮಾಡುವ ಹಾಗೆ ಎಡಗೈಯನ್ನು ಹಿಂದಕ್ಕೆ ಚಾಚಿ, "ಬೋಲ್ಟ್ ತಾ" ಅಂದ.

ಅಂಗೈಗೆ ಬೋಲ್ಟು ಬಂತು.

ಹಾಕಿದ. ಕಿರಿಕ್... ಕಿರಿಕ್... ಕೊನೆಯ ಕಾಲು ಸುತ್ತು, ಕಟ್. ಉಸ್ಸ್... ಅಂತ ಹಿಂಭಾಗ ಮೇಲೆದ್ದಿತು. ಬೆಳಕು ಮರದಿಂದ ಇಳಿದು ರಸ್ತೆಯ ಮೇಲೆ ಬಿತ್ತು. ಅಭಿಷೇಕ ಬೈಕಿನ ಜೊತೆಗೇ ಪಕ್ಕಕ್ಕೆ ಉರುಳಿ ಕೆಮ್ಮಿದ.

ಬೆಳಿಗ್ಗೆ ಆರೂವರೆಗೆ ಹಾಲಿನ ಡೈರಿ. ಅರ್ಧ ಊರು ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತಿತ್ತು, ನಾನೂ ಇದ್ದೆ. ಅಭಿಷೇಕ ಬೈಕಿನಲ್ಲಿ ಬಂದ, ಸೈಡ್ ಸ್ಟ್ಯಾಂಡ್ ಹಾಕಿದ, ಹೆಲ್ಮೆಟ್ಟನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿ ಬಂದು ನಿಂತ. ಹಿಂದೆಯೇ ಕೃಷ್ಣಪ್ಪನವರೂ ಬಂದರು.

"ಇವ್ನು ಒಂದು ಮಾತು ಯೋಳ್ಬೇಕಂತೆ" ಅಂದ ಭೀಮ.

ಅಭಿಷೇಕ ಅಪ್ಪನ ಮುಖ ನೋಡಿದ. ನೆಲ ನೋಡಿದ. "ಏನಿಲ್ಲ" ಅಂದ.

"ರಾತ್ರಿ ಏನ್ಲಾ ಅಂದಿದ್ದು?"

"ಏನೂ ಅಂದಿಲ್ಲ. ಯಾವ ರಾತ್ರಿ?"

ಕೃಷ್ಣಪ್ಪನವರು ಮಗನ ಬೆನ್ನ ಮೇಲೆ ಕೈ ಇಟ್ಟರು. "ನಡಿ. ದೊಡ್ಡಮ್ಮ ಕುಡ್ದು ಸತ್ಲು, ಮಗಂಗೆ ತಲೆ ಕೆಟ್ಟದೆ" ಅಂದರು. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಭೀಮ ಹಾಲಿನ ಕ್ಯಾನ್ ಎತ್ತಿಕೊಂಡ, ಇವತ್ತು ಹೊಡೆದೇ ಬಿಡುತ್ತಾನೆ ಅಂತ ನಾನು ಮುಂದೆ ಹೋದೆ.

ಕಿರ್ರ್...

ಹಗಲು ಹೊತ್ತು. ಬಿಸಿಲು ಬಂದಿತ್ತು. ಬೈಕಿನ ಮೇಲೆ ಯಾರೂ ಇರಲಿಲ್ಲ, ಸುತ್ತ ಐದು ಮಾರು ಯಾರೂ ಇರಲಿಲ್ಲ. ಹಿಂಭಾಗ ಕೂತಿತು. ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ತಾನೇ ಒಂದು ಕಡೆ ತಿರುಗಿತು. ಡೈರಿ ಸೆಕ್ರೆಟರಿ ಮೋಹನ್‌ಕುಮಾರ್ ಹಾಲು ಅಳೆಯುವ ಗಾಜಿನ ಕೊಳವೆ ಬಿಟ್ಟುಬಿಟ್ಟ. ಆ ನಿಶ್ಶಬ್ದದಲ್ಲಿ ನೇತಾಡುತ್ತಿದ್ದ ಹೆಲ್ಮೆಟ್ಟಿನ ಮೇಲೆ...

ಟಕ್, ಟಕ್.

ಆ ಸದ್ದು ತಿಳಿಯದವರು ಆ ಸಾಲಿನಲ್ಲಿ ಒಬ್ಬರೂ ಇರಲಿಲ್ಲ. ಎಲ್ಲರ ಹೆಗಲೂ ಒಂದಲ್ಲ ಒಂದು ದಿನ ತಿಂದಿತ್ತು.

ಅಭಿಷೇಕ ಕುಸಿದು ಕೂತು ಎಲ್ಲ ಹೇಳಿದ. ಮಿಲ್ಲಿನಿಂದ ಹಿಡಿದು ಉಸಿರಿನವರೆಗೂ. ಬೈಕಿನ ಹಿಂಭಾಗ ಯಾವಾಗ ಮೇಲೆದ್ದಿತೋ ನಾವು ನೋಡಲಿಲ್ಲ. ಕೃಷ್ಣಪ್ಪನವರು ಡೈರಿಯ ಮೆಟ್ಟಿಲ ಮೇಲೆ ಕೂತವರು ಪೊಲೀಸರು ಬರುವ ತನಕ ಏಳಲಿಲ್ಲ. ಲಕ್ಕಮ್ಮ ಸಾಲಿನ ಈ ತುದಿಯಿಂದ ಆ ತುದಿಯವರೆಗೂ ಒಬ್ಬೊಬ್ಬರ ಮುಖ ನೋಡಿಕೊಂಡು ಹೋದಳು. "ಕುಡ್ದು ಸತ್ಲು ಅಂದಿದ್ರಲ್ಲಾ, ಯಾರಾರು ಅಂದಿದ್ದು? ಈಗ ಅನ್ನಿ. ಬಾಯಿ ಬುಡ್ರಿ, ಅನ್ನಿ!" ಎಲ್ಲರೂ ತಮ್ಮ ತಮ್ಮ ಕ್ಯಾನ್ ನೋಡಿಕೊಂಡರು. ನಾನೂ ತಲೆ ಬಗ್ಗಿಸಿದೆ. ಯಾಕೆಂದರೆ ಎಲೆ ಅಡಿಕೆ ಹಾಕಿಕೊಂಡು ಆ ಮಾತನ್ನು ನಾನೂ ಒಂದು ಸಲ ಆಡಿದ್ದೆ. ನಾಲಿಗೆಗೆ ಹುಳ ಬೀಳಲಿ.

ಕೇಸು ನಡೆಯುತ್ತಿದೆ. ಭೀಮ ಗ್ಯಾರೇಜು ನಡೆಸುತ್ತಿದ್ದಾನೆ. ಸೀರೆ ಗಾರ್ಡ್ ಬಿಚ್ಚು ಅಂತ ಯಾರಾದರೂ ಬಂದರೆ ಹಾಗೇ ವಾಪಸ್ ಅಟ್ಟುತ್ತಾನೆ, ಅದಿಲ್ಲದ ಗಾಡಿಗೆ ಪಂಕ್ಚರ್ ಕೂಡ ಹಾಕುವುದಿಲ್ಲ.

ಹೋದ ತಿಂಗಳು ಒಂದು ರಾತ್ರಿ ನನ್ನ ಜಗಲಿಯ ಮೇಲೆ ಕೂತಿದ್ದವನು ಇದ್ದಕ್ಕಿದ್ದ ಹಾಗೆ ಕೇಳಿದ. "ಅಣ್ಣ, ನನ್ ತಾವ ಇದ್ದಿದ್ದು ಎರಡೇ ಬೋಲ್ಟು. ಮೂರ್ನೇದು ಚರಂಡಿಗೆ ಬಿದ್ದಿತ್ತು. ಅವತ್ತು ಕೊಟ್ಟೋರ್ಯಾರು?"

"ಅಭಿಷೇಕ ಕೊಟ್ಟಿರ್ತಾನೆ."

"ಅವ್ನು ಎರಡೂ ಕೈಯಲ್ಲಿ ಕಾಲರ್ ಇಡ್ಕಂಡಿದ್ದ."

ಬೈಕು ಈಗ ಠಾಣೆಯ ಹಿಂದಿನ ಅಂಗಳದಲ್ಲಿ ಮಳೆ ಬಿಸಿಲಿಗೆ ನಿಂತಿದೆ. ಬೇರೆ ಏನೋ ಕೆಲಸಕ್ಕೆ ಹೋದವನು 'ನೋಡೇ ಬಿಡೋಣ' ಅಂತ ನೋಡಿ ಬಂದೆ. ಟೈರು ಕೂತಿವೆ. ಚೈನು ಕೆಂಪಾಗಿದೆ. ಗಾರ್ಡಿನ ಎರಡು ಬೋಲ್ಟಿಗೂ ತುಕ್ಕು ಹಿಡಿದಿದೆ. ಮೂರನೆಯದಕ್ಕೆ ಹಿಡಿದಿಲ್ಲ. ಸಡಿಲ ಆಗದಿರಲಿ ಅಂತ ಅದರ ತಲೆಯ ಕೆಳಗೆ ಒಂದು ಹಸಿರು ದಾರ ಸುತ್ತಿದೆ, ಸೀರೆಯ ಅಂಚಿನದು. ದಾರದ ಮೇಲೆ ರಾಗಿಹಿಟ್ಟಿತ್ತು. ನನ್ನ ಬೆರಳಿಗೂ ಹತ್ತಿತು.

ನಂಬದಿದ್ದರೆ ಬಿಡಿ. ಬೇಕಿದ್ದರೆ ಹೋಗಿ ನೋಡಿ. ಎಡಗಡೆ, ಹಿಂದಿನ ಬೋಲ್ಟು. ಹತ್ತನೇ ನಂಬರ್ ಸ್ಪ್ಯಾನರ್ ಕೂರುತ್ತದೆ.